ಉಗುರು ತೆಗೆಯುವ ಬುಧವಾರ

ನನಗೊಂದು ಕೆಟ್ಟ ಚಟವಿದೆ. ಯಾರಾದರೂ ಎದುರಿಗೆ ಬಂದರೆ ಮುಖಕ್ಕಿಂತ ಮೊದಲು ಅವರ ಕಾಲು ನೋಡುತ್ತೇನೆ. ಕಾಲೆಂದರೆ ಇಡೀ ಕಾಲಲ್ಲ, ಬೆರಳು. ಬೆರಳೂ ಅಲ್ಲ, ಉಗುರು. ಮೊನ್ನೆ ನಮ್ಮ ಶಾಲೆಗೆ ತಪಾಸಣೆಗೆಂದು ಅಧಿಕಾರಿಯೊಬ್ಬರು ಬಂದಿದ್ದರು. ಹಾಜರಿ ಪುಸ್ತಕ, ಪಾಠಯೋಜನೆ, ಪ್ರಯೋಗಾಲಯದ ಬೀಗದ ಕೈ ಎಲ್ಲವನ್ನೂ ಕೇಳಿದರು. ನಾನು ತಲೆ ತಗ್ಗಿಸಿಯೇ ಉತ್ತರ ಕೊಟ್ಟೆ. ಹೋಗುವಾಗ ಹೆಡ್‌ಮಾಸ್ಟರ ಮುಂದೆ, “ನಿಮ್ಮ ಸೈನ್ಸ್ ಮೇಡಮ್ಮು ಭಾಳ ವಿನಯದೋರು” ಎಂದು ಹೊಗಳಿದರಂತೆ. ವಿನಯವೂ ಇಲ್ಲ, ಗಿನಯವೂ ಇಲ್ಲ. ಅವರ ಚಪ್ಪಲಿಯಿಂದ ಇಣುಕುತ್ತಿದ್ದ ಎಡಗಾಲಿನ ಹೆಬ್ಬೆರಳ ಉಗುರು ಮೂಲೆಯಲ್ಲಿ ಒಳಕ್ಕೆ ತಿರುಗಿತ್ತು. ಇನ್ನೊಂದು ತಿಂಗಳು ಹಾಗೇ ಬಿಟ್ಟರೆ ಮಾಂಸಕ್ಕೆ ಇಳಿಯುತ್ತದೆ, ಹೇಳಲೋ ಬೇಡವೋ ಎಂದು ನಾನು ಒದ್ದಾಡುತ್ತಿದ್ದೆ. ಕೊನೆಗೆ ಹೇಳಲಿಲ್ಲ. ನನ್ನ ಇನ್‌ಕ್ರಿಮೆಂಟೂ ಅವರ ಉಗುರೂ ತಮ್ಮ ತಮ್ಮ ಪಾಡಿಗೆ ಬೆಳೆಯಲಿ ಎಂದು ಸುಮ್ಮನಾದೆ.

ಹಡಗಲಿ ಬಸ್ಸಿನಲ್ಲಿ ಕೂತರಂತೂ ಕೇಳಲೇಬೇಡಿ. ಸೀಟು ಸಿಕ್ಕವರಿಗೆ ನಿಂತವರ ಸೊಂಟ ಕಾಣುತ್ತದೆ, ನನಗೆ ಪಾದ ಕಾಣುತ್ತದೆ. ಕೂಡ್ಲಿಗಿ ಕಡೆಯವರ ಹಿಮ್ಮಡಿಯ ಸೀಳಿನಲ್ಲಿ ಕೆಂಪು ಗೆರೆ, ಹಿರೇಹಡಗಲಿ ಕಡೆಯ ಎರೆಹೊಲದವರ ಉಗುರಿನ ಅಂಚಿನಲ್ಲಿ ಕಪ್ಪು ಗೆರೆ. ಎಲ್ಲಿ ಇಳಿಯುತ್ತಾರೆಂದು ಕಂಡಕ್ಟರನಿಗಿಂತ ಮೊದಲು ಹೇಳಬಲ್ಲೆ ಎಂದು ಒಮ್ಮೆ ನಮ್ಮವರ ಮುಂದೆ ಜಂಬ ಕೊಚ್ಚಿಕೊಂಡೆ. ಅವರು ವಿದ್ಯುತ್ ಇಲಾಖೆಯ ಲೈನ್‌ಮನ್, ಬದುಕಿನ ಅರ್ಧ ಭಾಗ ಕಂಬದ ಮೇಲೆ ಕಳೆಯುವವರು. “ನಾನು ಮ್ಯಾಲಿಂದ ಮಂದಿ ತಲಿ ನೋಡ್ತೀನಿ, ನೀನು ಕೆಳಗಿಂದ ಕಾಲು ನೋಡು. ನಡುವಿಂದು ದೇವರಿಗೆ ಬಿಡೋಣ” ಎಂದರು.

ಈ ಚಟ ಹುಟ್ಟಿನಿಂದ ಬಂದದ್ದಲ್ಲ. ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ. ಅಲ್ಲಿ ನಮ್ಮಜ್ಜಿಯ ರಾಜ್ಯದಲ್ಲಿ ಉಗುರೆಂದರೆ ಒಂದು ಕಾನೂನು ಪುಸ್ತಕವೇ ಇತ್ತು. ದೀಪ ಹಚ್ಚಿದ ಮೇಲೆ ಕತ್ತರಿಸಬಾರದು. ಮಂಗಳವಾರ, ಶುಕ್ರವಾರ ಕತ್ತರಿಸಬಾರದು. ಮನೆಯೊಳಗೆ ಬಿದ್ದರೆ ಜಗಳವಾಗುತ್ತದೆ. ಹೊರಗೆ ಬಿದ್ದದ್ದನ್ನು ಕೋಳಿ ತಿಂದರೆ, ಆ ಕೋಳಿಯನ್ನು ನಾವು ತಿಂದರೆ, ಏನಾಗುತ್ತದೆಂದು ಅಜ್ಜಿ ಹೇಳುತ್ತಿರಲಿಲ್ಲ. ಕಣ್ಣು ಅಗಲಿಸುತ್ತಿದ್ದಳು, ಅಷ್ಟೇ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಮನೆ ನಮ್ಮದು. ಆದರೆ ಉಗುರಿನ ವಿಷಯದಲ್ಲಿ ಅಜ್ಜಿ ಯಾವ ಫಾದರ್ ಮಾತನ್ನೂ ಕೇಳುತ್ತಿರಲಿಲ್ಲ. ತಿಂಗಳಿಗೆರಡು ಸಲ ಅಪ್ಪ ಅರ್ಧ ಬ್ಲೇಡು ಹಿಡಿದು ಅಂಗಳದ ಕಲ್ಲಿನ ಮೇಲೆ ನಮ್ಮನ್ನು ಸಾಲಾಗಿ ಕೂರಿಸುತ್ತಿದ್ದರು. ಉಸಿರು ಬಿಗಿಹಿಡಿದು ಬೆರಳು ಒಡ್ಡುವುದು. ಅಪ್ಪ ಕೆಮ್ಮಿದರೆ ನಾವು ಚೀರುತ್ತಿದ್ದೆವು.

ಇಂಥ ಶಿಸ್ತಿನಲ್ಲಿ ಬೆಳೆದವಳು ಮದುವೆಯಾಗಿ ಹರಪನಹಳ್ಳಿಗೆ ಬಂದೆ. ಇಲ್ಲಿ ನಮ್ಮತ್ತೆ ಮಾರ್ತಮ್ಮನವರು. ಸಿಸ್ಟರುಗಳು ನಡೆಸುತ್ತಿದ್ದ ಒಂದು ಆಸ್ಪತ್ರೆಯಲ್ಲಿ ಬಹಳ ವರ್ಷ ಆಯಾ ಆಗಿದ್ದು ನಿವೃತ್ತರಾಗಿದ್ದರು. ಸಣ್ಣ ದೇಹ, ದೊಡ್ಡ ಕೈ. ಮಧ್ಯಾಹ್ನದ ಊಟವಾದ ಮೇಲೆ ವಾರಕ್ಕೊಮ್ಮೆ ಬಟ್ಟೆಯ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದರು. ತರಕಾರಿಗೆಂದು ನಾನು ತಿಳಿದಿದ್ದೆ. ಸಂಜೆ ಬರಿಗೈಯಲ್ಲಿ ಬರುವುದನ್ನು ನೋಡಿ, ಪಾಪ, ಮರೆತಿದ್ದಾರೆ ಎಂದುಕೊಳ್ಳುತ್ತಿದ್ದೆ. ಒಂದು ದಿನ ಚೀಲ ಒಗೆಯಲೆಂದು ತೆಗೆದು ಕೊಡವಿದೆ. ಎರಡು ನೇಲ್ ಕಟರ್, ಅದರಲ್ಲೊಂದು ಆಸ್ಪತ್ರೆಯ ಕಾಲದ ದಪ್ಪನೆಯದು. ಒಂದು ಹಳೆ ಟವೆಲ್ಲು, ಹಿಮ್ಮಡಿ ಉಜ್ಜುವ ಕಲ್ಲು, ಕೊಬ್ಬರಿ ಎಣ್ಣೆಯ ಸೀಸೆ, ಒಂದು ಪೊಟ್ಟಣ ಉಪ್ಪು.

“ಅತ್ತಿ, ಇದೇನ್ರಿ?” ಎಂದೆ.

“ಉಗುರು ತಗಿಯಾಕ” ಎಂದರು, ಎಲ್ಲರ ಮನೆಯಲ್ಲೂ ಇರುವ ವಸ್ತುವೆಂಬಂತೆ.

ಬಿಡಿಸಿ ಕೇಳಿದಾಗ ಕಥೆ ಹೊರಬಂತು. ಅವರು ಕೆಲಸದಲ್ಲಿದ್ದಾಗ ಒಬ್ಬ ಮುದುಕನನ್ನು ಕಾಲುನೋವೆಂದು ಕರೆತಂದಿದ್ದರಂತೆ. ಅದಕ್ಕೂ ಮೊದಲು ಬೇರೆ ಬೇರೆ ಕಡೆ ಸೂಜಿ ಚುಚ್ಚಿಸಿಕೊಂಡು, ಎಣ್ಣೆ ತಿಕ್ಕಿಸಿಕೊಂಡು, ತಾಯತವನ್ನೂ ಕಟ್ಟಿಸಿಕೊಂಡಿದ್ದ. ಹಾಸಿಗೆ ಸರಿಪಡಿಸಲು ಹೋದ ಅತ್ತೆ ಹೊದಿಕೆ ಸರಿಸಿ ನೋಡಿದರೆ ಕಿರುಬೆರಳಿನ ಉಗುರು ಟಗರಿನ ಕೊಂಬಿನಂತೆ ಸುತ್ತಿ ಪಕ್ಕದ ಬೆರಳಿಗೇ ಚುಚ್ಚಿಕೊಂಡಿತ್ತು. “ಮನಿ ತುಂಬ ಮಂದಿ ಇದ್ರು ಆತಗ. ಊಟಕ್ಕ ಹಾಕೋರು, ಔಷಧಿ ತರೋರು, ಎಲ್ಲಾರೂ ಒಳ್ಳೇರ. ಕಾಲು ಒಬ್ರೂ ನೋಡಿದ್ದಿಲ್ಲ ನೋಡು. ವಯಸ್ಸಾದೋರಿಗೆ ಬಗ್ಗಾಕ ಬರಂಗಿಲ್ಲ, ಮಕ್ಕಳನ್ನ ಕೇಳಾಕ ನಾಚಿಕಿ.” ಅಂದಿನಿಂದ ಶುರುವಾದದ್ದು. ನಿವೃತ್ತಿಯ ಮೇಲೆ ಆಸ್ಪತ್ರೆ ಬಿಟ್ಟರು, ಕಟರ್ ಬಿಡಲಿಲ್ಲ.

ವಾರ ಯಾವುದು ಎಂಬುದೂ ಸುಲಭಕ್ಕೆ ಗೊತ್ತಾದದ್ದಲ್ಲ. ಮೊದಲು ಶನಿವಾರ ಹೋಗಿದ್ದರಂತೆ. ಶನಿ ಕಾಡುತ್ತಾನೆ ಎಂದರು. ಸೋಮವಾರ ಶಿವನದು, ಗುರುವಾರ ಗುರುವಿನದು, ಮಂಗಳವಾರ ಶುಕ್ರವಾರ ನಮ್ಮಜ್ಜಿಯೇ ಒಪ್ಪುತ್ತಿರಲಿಲ್ಲ. ಭಾನುವಾರ ಅತ್ತೆಗೆ ಪೂಜೆಯ ದಿನ. ಎಲ್ಲ ದೇವರುಗಳೂ ಬಿಟ್ಟುಕೊಟ್ಟ ಒಂದೇ ವಾರ ಬುಧವಾರ. ಅದೇ ಖಾಯಮ್ಮಾಯಿತು.

ಅತ್ತೆಯ ಬುಧವಾರದ ಮಂದಿಯಲ್ಲಿ ಬಾಗಳಿಯ ಗೌರಮ್ಮಜ್ಜಿ ಒಬ್ಬರು. ಹಣೆಯ ತುಂಬ ವಿಭೂತಿ, ಬಾಯಿಯ ತುಂಬ ಮಾತು. ಮಗಳ ಮನೆ ನಮ್ಮ ಹಿಂದಿನ ಓಣಿಯಲ್ಲೇ ಇದ್ದುದರಿಂದ ಬಸ್ಸು ಹತ್ತಿ ಆಗಾಗ ಬರುವರು. ಮೊದಲ ಸಲ ಅತ್ತೆ ಅವರ ಪಾದಕ್ಕೆ ಕೈ ಹಾಕಿದಾಗ ಅಜ್ಜಿ ಕಾಲು ಝಾಡಿಸಿ ಎದ್ದುನಿಂತದ್ದನ್ನು ನಾನೇ ನಮ್ಮ ಹಿತ್ತಲ ಕಿಟಕಿಯಿಂದ ನೋಡಿದ್ದೇನೆ. ಮುಟ್ಟಿದ್ದಕ್ಕಲ್ಲ ಸಿಟ್ಟು.

“ನೀ ನನಗಿಂತ ದೊಡ್ಡಾಕಿ ಮಾರ್ತವ್ವ. ದೊಡ್ಡಾಕಿ ಕೈಲಿ ಕಾಲು ಮುಟ್ಟಿಸ್ಕೊಂಡ್ರ ನನಗ ಪಾಪ ಸುತ್ಕೊಂತೈತಿ.”

“ನಾ ದೊಡ್ಡಾಕಿ ಅಂತ ಯಾರು ಹೇಳಿದ್ರು? ನಿನಗೆಷ್ಟು ವರ್ಷ?”

“ನಂದು ಯಾರು ಬರ್ದಿಟ್ಟಾರ?”

ಮಗಳು ಒಳಗಿನಿಂದ ಆಧಾರ್ ಕಾರ್ಡು ತಂದಳು. ಅತ್ತೆಯದೂ ಬಂತು. ಇಬ್ಬರೂ ಜನವರಿ ಒಂದನೇ ತಾರೀಖು ಹುಟ್ಟಿದ್ದರು. ಅಜ್ಜಿಯ ಕಾರ್ಡನ್ನು ನಂಬುವುದಾದರೆ ಮಗಳನ್ನು ಹೆತ್ತಾಗ ಅವರಿಗೆ ಒಂಬತ್ತು ವರ್ಷ. ಸರಕಾರದಿಂದ ನ್ಯಾಯ ಸಿಗದೆಂದು ಖಾತ್ರಿಯಾಗಿ, ಅಜ್ಜಿಯೇ ದಾರಿ ಕಂಡುಹಿಡಿದರು. ಅತ್ತೆಯ ಮುಂದಿನ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, “ಈಗ ನಿನಗ ನಮಸ್ಕಾರ ಮಾಡೀನಿ. ಸರಿಗೆ ಸರಿ ಆತು. ಹಿಡಿ ಕಾಲು” ಎಂದು ಕಟ್ಟೆಯ ಮೇಲೆ ಕೂತು ಪಾದ ಚಾಚಿದರು. ಪ್ರತಿ ಸಲವೂ ಇದೇ ಶಾಸ್ತ್ರ.

ಕಾಲು ಬಿಸಿನೀರಲ್ಲಿ ನೆನೆಯುವಷ್ಟು ಹೊತ್ತು ಮಾತು ಬೇಕಲ್ಲ. ಒಮ್ಮೆ ಅಜ್ಜಿ ಕೇಳಿದರು: “ಇಷ್ಟೆಲ್ಲಾ ಮಾಡ್ತಿಯಲ್ಲ, ನಿಮ್ಮ ಸ್ವಾಮಿ ನಿನಗೇನು ಕೊಡ್ತಾನ?”

“ಏನೂ ಕೊಡಂಗಿಲ್ಲ. ಆತನೂ ಇದ ಕೆಲಸ ಮಾಡಿದ್ದ. ತನ್ನ ಹನ್ನೆರಡು ಮಂದಿ ಶಿಷ್ಯರ ಕಾಲು ಕುಂತು ತೊಳದ.”

“ಹನ್ನೆರಡು ಮಂದಿದಾ! ಏನು ಉದ್ಯೋಗ ಅವರದು?”

“ಮೀನು ಹಿಡಿಯೋರು ಇದ್ರು ಅದರಾಗ.”

“ಅಯ್ಯಯ್ಯ!” ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಆಮೇಲೆ ಸೆರಗು ಇಳಿಸಿ, “ಭಾಳ ದೊಡ್ಡಾತ ಇರಬೇಕು ಬಿಡು” ಎಂದರು.

ಈಸ್ಟರಿಗೆ ಮುಂಚಿನ ನಲವತ್ತು ದಿನದ ನಮ್ಮ ತಪಸ್ಸು ಕಾಲ ಶುರುವಾಗುವುದೇ ವಿಭೂತಿ ಬುಧವಾರದಿಂದ. ಆ ದಿನ ಫಾದರ್ ನಮ್ಮ ಹಣೆಗೆ ಬೂದಿ ಹಚ್ಚುತ್ತಾರೆ. ಬೆಳಿಗ್ಗೆ ಬೂದಿ ಹಚ್ಚಿಸಿಕೊಂಡ ಹಣೆಯಲ್ಲೇ ಅತ್ತೆ ಮಧ್ಯಾಹ್ನ ಚೀಲ ಹಿಡಿದು ಹೋದಾಗ ಗೌರಮ್ಮಜ್ಜಿಯ ಕಣ್ಣು ಅರಳಿತಂತೆ. “ಏನ ಮಾರ್ತವ್ವ, ಕಡೀಗೂ ನಮ್ಮ ದಾರಿಗೆ ಬಂದಿ?” ಎಂದು ಕೇಳಿ, ಹಚ್ಚಿದ್ದು ಸರಿಯಾಗಿಲ್ಲವೆಂದು ತಮ್ಮ ವಿಭೂತಿ ಕರಡಿಗೆಯಿಂದ ತೆಗೆದು ತಿದ್ದಿಯೂ ಬಿಟ್ಟರಂತೆ. ಆ ವರ್ಷ ನಮ್ಮತ್ತೆ ಮೂರು ಬೆರಳಿನ ಗೆರೆ ಹೊತ್ತೇ ಮನೆಗೆ ಬಂದರು. ಅಳಿಸಿಕೊಳ್ಳಲಿಲ್ಲ. “ಬೂದಿ ಬೂದೀನ. ಮಣ್ಣಿಗೆ ಹೋಗೋದು ಎಲ್ಲಾರೂ” ಎಂದರು.

ಇಷ್ಟು ಹೇಳಿದ ಮೇಲೆ ನಾನು ಅತ್ತೆಯ ಬಗ್ಗೆ ಹೆಮ್ಮೆಪಡುತ್ತಿದ್ದೆ ಎಂದು ನೀವು ತಿಳಿದರೆ, ಅದು ನಿಮ್ಮ ಒಳ್ಳೆಯತನ. ನಾನು ನಾಚಿಕೆಯಿಂದ ಸಾಯುತ್ತಿದ್ದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸ್ಟಾಫ್‌ರೂಮಿನಲ್ಲಿ ಯಾರೋ ಕೇಳಿದಾಗ, “ನಮ್ಮತ್ತೆ ಆಸ್ಪತ್ರೆಯಲ್ಲಿ ಸ್ಟಾಫ್ ಇದ್ದರು” ಎಂದಿದ್ದೆ. ಸ್ಟಾಫ್ ಎಂದರೆ ಕೇಳಿದವರು ನರ್ಸ್ ಎಂದುಕೊಳ್ಳುತ್ತಾರೆ. ಎಂದುಕೊಳ್ಳಲಿ ಎಂದೇ ಹಾಗೆ ಹೇಳಿದ್ದು. ಒಂದು ದಿನ ಏಳನೇ ತರಗತಿಯ ಹುಡುಗಿಯೊಬ್ಬಳು ಬೆಳಕಿನ ಪ್ರತಿಫಲನದ ಪಾಠದ ನಡುವೆ ಎದ್ದುನಿಂತು, “ಮೇಡಂ, ನಿಮ್ಮತ್ತಿ ನಿನ್ನೆ ನಮ್ಮಜ್ಜಿ ಉಗುರು ತಗದ್ರು” ಎಂದು ವರದಿ ಒಪ್ಪಿಸಿದಳು. ತರಗತಿ ಗೊಳ್ಳೆಂದಿತು. ಮಧ್ಯಾಹ್ನದ ಹೊತ್ತಿಗೆ ಸ್ಟಾಫ್‌ರೂಮು ಮುಟ್ಟಿತು. “ಮೇಡಂ, ನಂದೂ ಒಂದು ಪಾಳಿ ಹಚ್ರಿ” ಎಂದು ಪಿ.ಟಿ. ಮಾಸ್ತರು ಬೂಟು ಮುಂದೆ ಮಾಡಿದರು. ನಾನೂ ನಕ್ಕೆ. ನಗದೆ ಏನು ಮಾಡುವುದು?

ಆ ವರ್ಷದ ಪವಿತ್ರ ಗುರುವಾರ ಬಂತು. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ ಅಂದು ಚರ್ಚಿನಲ್ಲಿ ಫಾದರ್ ಹನ್ನೆರಡು ಜನರನ್ನು ಕೂರಿಸಿ ಅವರ ಪಾದ ತೊಳೆಯುತ್ತಾರೆ. ನಮ್ಮವರನ್ನೂ ಆರಿಸಿದ್ದರು. ಕಂಬ ಹತ್ತಿ ಹತ್ತಿ ಜಾಲಿ ತೊಗಟೆಯಂತಾದ ಆ ಕಾಲುಗಳನ್ನು ಊರಿನ ಮುಂದೆ ಇಡುವುದು ಹೇಗೆ? ಮಧ್ಯಾಹ್ನವೇ ಅವರನ್ನು ಬಚ್ಚಲಲ್ಲಿ ಕೂರಿಸಿ ಸೋಪು, ಕಲ್ಲು, ಬ್ರಷ್ಷು ಹಿಡಿದು ತಿಕ್ಕಿದೆ. “ಫಾದರ್ ತೊಳಿಯೋದು ಬಾಕಿ ಐತೆ, ಸ್ವಲ್ಪ ಉಳಿಸ” ಎಂದು ಅವರು ಬೇಡಿಕೊಂಡರು. ಚರ್ಚಿನಲ್ಲಿ ನೋಡಿದರೆ ಎಲ್ಲ ಮನೆಯಲ್ಲೂ ಇದೇ ಆಗಿತ್ತು. ಇಪ್ಪತ್ನಾಲ್ಕು ಪಾದಗಳೂ ತೊಳೆದ ಗೆಣಸಿನಂತೆ ಹೊಳೆಯುತ್ತಿದ್ದವು. ಒಬ್ಬರು ಪೌಡರು ಬೇರೆ ಹಾಕಿಕೊಂಡು ಬಂದಿದ್ದರಿಂದ ಬೋಗುಣಿಯ ನೀರು ಬೆಳ್ಳಗಾಯಿತು. ಆದರೂ ಹಾಡು ಕೇಳುತ್ತ ನನಗೆ ಕಣ್ಣೀರು ಬಂತು. ಎಂಥ ದೀನತೆ, ಎಂಥ ಸೇವೆ ಎಂದು ಕರ್ಚೀಫು ಒದ್ದೆ ಮಾಡಿಕೊಂಡೆ. ಹಿಂದಿನ ಸಾಲಿನಲ್ಲಿ ಅತ್ತೆ ಕೂತಿದ್ದರು. ಅವರ ಕಡೆ ತಿರುಗಿ ನೋಡಬೇಕೆಂದು ನನಗೆ ಹೊಳೆಯಲಿಲ್ಲ.

ಈಸ್ಟರ್ ಕಳೆದು ಹತ್ತು ದಿನಕ್ಕೆ ಸಹೋದ್ಯೋಗಿಯೊಬ್ಬರ ಹೊಸ ಮನೆಯ ಗೃಹಪ್ರವೇಶ. ಅತ್ತೆಯನ್ನೂ ಕರೆದುಕೊಂಡು ಹೋದೆ. ರೇಷ್ಮೆ ಸೀರೆ ಉಡಿಸಿದ್ದೆ. ಪಂಕ್ತಿ ಇನ್ನೂ ಎದ್ದಿರಲಿಲ್ಲ, ಶಾಲೆಯವರೆಲ್ಲ ಹಜಾರದಲ್ಲಿದ್ದೆವು. ಮನೆಯೊಡತಿ ಬಂದು, “ಇವರೇ ಅಲ್ಲೇನ್ರಿ ಉಗುರು ತಗಿಯೋ ಅಮ್ಮ? ನಮ್ಮ ಮಾವಗ ಚಪ್ಲಿ ಹಾಕ್ಕೊಳ್ಳಾಕ ಬರವಲ್ದು, ಒಂಚೂರು ನೋಡ್ತೀರೇನು?” ಎಂದರು. ನಾನು ಬಾಯಿ ತೆರೆಯುವುದರೊಳಗೆ ಅತ್ತೆ ನೆಲಕ್ಕೆ ಕೂತಾಗಿತ್ತು. ಸೊಂಟದ ಸಂಚಿಯಿಂದ ಕಟರ್ ಹೊರಬಂತು. ಹೊಸ ಟೈಲ್ಸಿನ ಮೇಲೆ, ರೇಷ್ಮೆ ಸೀರೆಯ ಮಡಿಲಿನಲ್ಲಿ, ಆ ಮುದುಕನ ಪಾದ. ಟಕ್, ಟಕ್ ಸದ್ದು ಹಜಾರವೆಲ್ಲ ಕೇಳುತ್ತಿತ್ತು. ಪಿ.ಟಿ. ಮಾಸ್ತರು ಬೇರೆ ಕಡೆ ನೋಡುತ್ತ ಕೆಮ್ಮಿದರು. ಯಾರೋ ಮೊಬೈಲು ಎತ್ತಿದರು.

ಮನೆಗೆ ಬಂದು ಬಾಗಿಲು ಹಾಕಿದವಳೇ ಸಿಡಿದೆ. “ಅತ್ತಿ, ಇನ್ನ ಸಾಕು ಮಾಡ್ರಿ. ಊರ ಮಂದಿ ಕಾಲು ಹಿಡ್ಕೊಂಡು ಕುಂದ್ರೋದು ನಿಮಗ ಸೇವಾ ಇರಬಹುದು. ನಾನು ಶಾಲ್ಯಾಗ ತಲಿ ಎತ್ತಂಗಿಲ್ಲ!”

ಅತ್ತೆ ಸೀರೆಯ ನೆರಿಗೆ ಸರಿಪಡಿಸಿಕೊಳ್ಳುತ್ತಿದ್ದವರು ಕೈ ನಿಲ್ಲಿಸಿದರು. “ಭಾಳ ದಿನದಿಂದ ಇತ್ತೇನು ಇದು ನಿನ್ನ ಮನಸ್ನ್ಯಾಗ?”

“ಹೂಂ.”

“ಮೊದಲ ಹೇಳಬಾರದಿತ್ತೇನವ್ವ? ಸುಮ್ನ ಒಬ್ಬಾಕೀನ ನುಂಗ್ಕೊಂತ ಬಂದಿ. ಆತು ಬಿಡು. ನಿನಗ ಕಷ್ಟ ಆಗೋದಾದ್ರ ಬ್ಯಾಡ.”

ಅಷ್ಟೇ. ಮುನಿಸಿಕೊಳ್ಳಲಿಲ್ಲ, ಊಟ ಬಿಡಲಿಲ್ಲ, ಮಗನ ಹತ್ತಿರ ಚಾಡಿ ಹೇಳಲಿಲ್ಲ. ಮುಂದಿನ ಬುಧವಾರ ಮಧ್ಯಾಹ್ನ ಅಂಗಳದಲ್ಲಿ ಕೂತು ತೊಗರಿ ಹಸನು ಮಾಡಿದರು. ಅದರ ಮುಂದಿನ ಬುಧವಾರವೂ ಮಾಡಿದರು. ನಮ್ಮ ಮನೆಯ ತೊಗರಿ ಎಂದೂ ಅಷ್ಟು ಹಸನಾಗಿದ್ದಿಲ್ಲ. ನಾನು ಗೆದ್ದಿದ್ದೆ. ಗೆದ್ದವಳಿಗೆ ಖುಷಿಯೂ ಆಗಿತ್ತು, ಸುಳ್ಳು ಏಕೆ ಹೇಳಲಿ?

ಮೇ ತಿಂಗಳ ಕೊನೆಯಲ್ಲಿ ಒಂದು ಮಧ್ಯಾಹ್ನ ಗೌರಮ್ಮಜ್ಜಿ ನಮ್ಮ ಬಾಗಿಲಿಗೇ ಬಂದು ನಿಂತರು. ಬಾಗಳಿಯಿಂದ ಬಿಸಿಲಲ್ಲಿ ಬಂದ ಮುಖ ಕೆಂಪಾಗಿತ್ತು.

“ಮಾರ್ತವ್ವ ಅದಾಳೇನು? ಐದಾರು ವಾರಾತು, ಹೊಳ್ಳಿ ನೋಡಿಲ್ಲ ನಮ್ಮ ಓಣಿ ಕಡಿ. ಸತ್ತಾಳೋ ಬದಕ್ಯಾಳೋ ಅಂತ ನಾನ ಬಂದೆ.”

ಅತ್ತೆ ಒಳಗಿನಿಂದ ಬಂದು ನೀರು ಕೊಟ್ಟರು. ಅಜ್ಜಿ ಕುಡಿದು, ತಂಬಿಗೆ ಕೆಳಗಿಟ್ಟು, “ಕೊಟ್ರಪ್ಪ ಮಾಸ್ತರ ಸುದ್ದಿ ತಿಳಿದಿಲ್ಲೇನು ನಿನಗ?” ಎಂದರು.

ಕೊಟ್ರಪ್ಪ ಮೇಷ್ಟ್ರು ನಿವೃತ್ತ ಹೆಡ್‌ಮಾಸ್ಟರು. ಗೌರಮ್ಮಜ್ಜಿಯ ಮಗಳ ಮನೆಯ ಎದುರಿನ ಮನೆ. ಹಳೆಯ ಸಕ್ಕರೆ ಕಾಯಿಲೆ, ಪಾದಗಳಿಗೆ ಸ್ಪರ್ಶವೇ ಇಲ್ಲ. ಅತ್ತೆಯ ಬುಧವಾರದ ಮೊದಲ ಪಾಳಿ ಅವರದೇ. ಉಗುರು ಇರಲಿ ಬಿಡಲಿ, ಅತ್ತೆ ಅವರ ಬೆರಳ ಸಂದಿಗಳನ್ನೆಲ್ಲ ಬಿಡಿಸಿ ನೋಡಿಯೇ ಏಳುತ್ತಿದ್ದರು.

“ಜಾಲಿಮುಳ್ಳು ನೆಟ್ಟಿತ್ತಂತ. ಎಷ್ಟು ದಿನ ಆಗಿತ್ತೋ ಏನೋ, ಆತಗ ಗೊತ್ತ ಆಗಿಲ್ಲ. ಮನ್ಯಾಗ ವಾಸ್ನಿ ಬಂದಮ್ಯಾಲ ನೋಡ್ಯಾರ. ದಾವಣಗೆರಿಗೆ ಒಯ್ದ್ರು. ಒಂದು ಕಾಲ್ಬೆರಳ ತಗದಾರಂತ. ನೀ ಬಂದಿದ್ರ ಮೊದಲ ವಾರನ ಸಿಗತಿತ್ತು ಅಂತ ಅವರ ಮಗ ಗೋಳಾಡ್ತಿದ್ದ. ಯಾಕ ಬರಲಿಲ್ಲ ನೀನು?”

ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದೆ. ಅತ್ತೆ ನನ್ನ ಕಡೆ ತಿರುಗಲೇ ಇಲ್ಲ.

“ಮೊಣಕಾಲು ಹಿಡ್ಕೊಂಡಿತ್ತವ್ವ” ಎಂದರು. “ನಡಿಯಾಕ ಆಗಿದ್ದಿಲ್ಲ.”

ನಮ್ಮತ್ತೆ ಸುಳ್ಳು ಹೇಳುವುದನ್ನು ನಾನು ಅದೇ ಮೊದಲು ಕೇಳಿದ್ದು. ಹಾಲಿನವನಿಗೆ ಕೂಡ ಚಿಲ್ಲರೆ ಇದ್ದರೆ ಇಲ್ಲವೆನ್ನದ ಹೆಂಗಸು. ಆ ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಅದಕ್ಕೂ ಅವಕಾಶ ಕೊಡಲಿಲ್ಲ.

ಮೂರನೆಯ ದಿನ ಇಬ್ಬರೂ ದಾವಣಗೆರೆ ಬಸ್ಸು ಹತ್ತಿದೆವು. ಮೇಷ್ಟ್ರು ಆಸ್ಪತ್ರೆಯ ಕಿಟಕಿ ಪಕ್ಕದ ಮಂಚದಲ್ಲಿ ಕಾಲು ದಿಂಬಿನ ಮೇಲಿಟ್ಟು ಮಲಗಿದ್ದರು. ಬ್ಯಾಂಡೇಜಿನ ದೊಡ್ಡ ಗಂಟು. ನಮ್ಮನ್ನು ನೋಡಿ ನಕ್ಕರು. “ಬರ್ರಿ, ಬರ್ರಿ. ಹತ್ತಕ್ಕ ಒಂಬತ್ತು ಬಂದಾವ. ಡಿಸ್ಟಿಂಕ್ಷನ್ನ!” ಎಂದರು. ಅತ್ತೆ ನಗಲಿಲ್ಲ. ಮಂಚದ ಕೊನೆಗೆ ಹೋಗಿ, ಸರಿಯಿದ್ದ ಇನ್ನೊಂದು ಕಾಲಿನ ಹೊದಿಕೆ ಸರಿಸಿ, ಒಂದೊಂದೇ ಬೆರಳು ಬಿಡಿಸಿ ನೋಡತೊಡಗಿದರು.

“ಮಾರ್ತಮ್ಮ, ನಿಮ್ಮ ಮೊಣಕಾಲು ಹೆಂಗೈತಿ ಈಗ?” ಎಂದು ಮೇಷ್ಟ್ರು ಕೇಳಿದರು.

“ಕಡಿಮಿ ಆಗೈತ್ರಿ.”

ಸುಳ್ಳು ಹರಪನಹಳ್ಳಿಯಿಂದ ದಾವಣಗೆರೆಗೆ ನಮಗಿಂತ ಮೊದಲೇ ಬಂದು ಕೂತಿತ್ತು. ನನಗೆ ತಡೆಯಲಾಗಲಿಲ್ಲ. “ಅವರಿಗೆ ಮೊಣಕಾಲು ನೋವಿದ್ದಿಲ್ರಿ ಮೇಷ್ಟ್ರೇ. ಹೋಗಬ್ಯಾಡ್ರಿ ಅಂತ ನಾನು ಹೇಳಿದ್ದೆ. ನನಗ ನಾಚಿಕಿ ಆಗ್ತಿತ್ತು.”

ಪಕ್ಕದ ಮಂಚದವರೂ ತಿರುಗಿ ನೋಡಿದರು. ಮೇಷ್ಟ್ರ ನಗು ಮುಖದಲ್ಲೇ ಸ್ವಲ್ಪ ಹೊತ್ತು ಏನು ಮಾಡಬೇಕೆಂದು ತಿಳಿಯದೆ ನಿಂತಿತು. “ಮುಳ್ಳು ನೆಟ್ಟಿದ್ದು ನನ್ನ ಕಾಲಿಗೆ. ನೋಡ್ಕೊಳ್ಳೋದು ನನ್ನ ಕೆಲಸಾನೂ ಹೌದಲ್ಲ, ಟೀಚರಮ್ಮ” ಎಂದರು ಕೊನೆಗೆ. ದೊಡ್ಡ ಮಾತು. ಆದರೆ ಅದನ್ನು ಹೇಳಿ ಕಿಟಕಿಯ ಕಡೆ ತಿರುಗಿಕೊಂಡವರು, ನಾವು ಹೊರಡುವ ತನಕ ನನ್ನ ಮುಖ ನೋಡಲಿಲ್ಲ. ಅದು ಅವರ ಹಕ್ಕು. ಬೆರಳು ಹೋದದ್ದು ಅವರದು.

ವಾಪಸು ಬರುವಾಗ ಬಸ್ಸಿನಲ್ಲಿ ಕಡಲೆಕಾಯಿ ಕೊಂಡೆ. ಅತ್ತೆ ಸುಲಿದು ಸುಲಿದು ನನ್ನ ಕೈಗೇ ಹಾಕುತ್ತಿದ್ದರು. ಊರು ಹತ್ತಿರ ಬಂದಾಗ, “ಸತ್ಯ ಹೇಳಿದ್ದು ಚಲೋ ಆತು. ಆ ಸುಳ್ಳು ಹೇಳಿದಾಗಿಂದ ನನಗ ನಿದ್ದಿ ಬಂದಿದ್ದಿಲ್ಲ” ಎಂದರು.

“ಬರೋ ಬುಧವಾರ ನಾನೂ ಬರ್ತೀನ್ರಿ ಅತ್ತಿ” ಎಂದೆ.

“ನಿನಗೆಲ್ಲಿ ಬರತೈತಿ? ಕೈ ಕಲೀಬೇಕು. ಮುದುಕರ ಉಗುರು ಕಲ್ಲಿನಂಗ ಇರ್ತಾವ, ಚರ್ಮ ಹಾಳಿಯಂಗ. ಸಕ್ಕರಿ ಇದ್ದೋರಿಗೆ ಒಂಚೂರು ಗಾಯ ಆದ್ರ ಮತ್ತ ಅದ ಕತಿ.”

“ಹಂಗಾದ್ರ ಕಲಿಸ್ರಿ.”

ಬುಧವಾರ ಮಧ್ಯಾಹ್ನ ಅಂಗಳದಲ್ಲಿ ಬೋಗುಣಿಗೆ ಬಿಸಿನೀರು ಹಾಕಿ ಉಪ್ಪು ಕರಗಿಸಿದೆ. ಕಲಿಯಲು ಒಂದು ಜೊತೆ ಕಾಲು ಬೇಕಲ್ಲ. ಹಿಂದಿನ ದಿನ ಗಾಳಿ ಬೀಸಿ ತಂತಿ ಹರಿದಿದ್ದರಿಂದ ನಮ್ಮವರು ಕೊಟ್ಟೂರು ಕಡೆ ಯಾವುದೋ ಕಂಬದ ಮೇಲಿದ್ದರು. ನನ್ನ ಉಗುರು ಬಣ್ಣ ಹಚ್ಚಿ ನುಣ್ಣಗಿದ್ದದ್ದು, ಅದರಲ್ಲಿ ಕಲಿಯುವುದೇನೂ ಇರಲಿಲ್ಲ.

“ನಿಮ್ಮ ಕಾಲ ಕೊಡ್ರಿ ಅತ್ತಿ” ಎಂದೆ.

ಅತ್ತೆ ಕಟ್ಟೆಯ ಮೇಲೆ ಕೂತಿದ್ದವರು ಥಟ್ಟನೆ ಎರಡೂ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡರು. “ಬ್ಯಾಡ, ಬ್ಯಾಡ. ನಂದೇನು ನೋಡ್ತಿ? ಗೌರವ್ವನ ಮಗಳನ್ನ ಕರಿ, ಆಕಿದ ತಗದು ಕಲಿ.”

“ಯಾಕ, ಏನಾಗೈತಿ?”

“ಏನೂ ಆಗಿಲ್ಲ. ನಾ ಹೇಳ್ತೀನಿ ಬ್ಯಾಡ ಅಂತ!”

ಅವರು ನನ್ನ ಮೇಲೆ ದನಿ ಏರಿಸಿದ್ದೇ ಕಡಿಮೆ. ಅನುಮಾನ ಬಂದು ನಾನೇ ಕುಕ್ಕರಗಾಲಲ್ಲಿ ಕೂತು ಸೀರೆಯ ಅಂಚು ಸರಿಸಿದೆ.

ಎರಡೂ ಹೆಬ್ಬೆರಳಿನ ಉಗುರು ದಪ್ಪಗಾಗಿ, ಹಳದಿಗಟ್ಟಿ, ಪಕ್ಕಕ್ಕೆ ವಾಲಿ ಬೆಳೆದಿದ್ದವು. ಬಲಗಾಲಿನದು ಮೂಲೆಯಲ್ಲಿ ಮಾಂಸಕ್ಕೆ ಇಳಿದಿತ್ತು. ಸುತ್ತ ಊದಿಕೊಂಡ ಕೆಂಪು. ಉಳಿದ ಬೆರಳುಗಳದು ಒಂದೊಂದು ಒಂದೊಂದು ದಿಕ್ಕಿಗೆ. ಒಂದೇ ಸೂರಿನಡಿ ಅಷ್ಟು ವರ್ಷ ಇದ್ದು, ಅವರು ಬಡಿಸಿದ್ದನ್ನು ಉಂಡು, ಅವರ ಮಗನ ಪಾದವನ್ನು ಹಬ್ಬಕ್ಕೆಂದು ತಿಕ್ಕಿ ತೊಳೆದವಳು ನಾನು.

“ಅತ್ತಿ, ಇದೇನ್ರಿ ಇದು?”

ಅವರು ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ಬೇರೆ ಕಡೆ ನೋಡಿದರು. “ಮಂದಿ ಕಾಲಂದ್ರ ಮುಂದ ಇರ್ತಾವ, ಸಿಗತಾವ. ನಂದು ದೂರ ಅದಾವವ್ವ. ಬಗ್ಗಿದ್ರ ನಡು ಹಿಡ್ಕೊಂತೈತಿ.”

“ನನಗ ಹೇಳಬಾರದಾಗಿತ್ತೇನು?”

“ನಿನಗ ಹೆಂಗ ಹೇಳ್ಲಿ? ಶಾಲಿಗೆ ಹೋಗಾಕಿ. ಸೊಸಿ ಕೈಲಿ ಕಾಲು ಹಿಡಿಸ್ಕೊಂಡ್ಲು ಅಂತ ಅನ್ನಿಸ್ಕೊಳ್ಳಾಕ ನನಗೂ ನಾಚಿಕಿ ಇಲ್ಲೇನು?”

ನಾನು ಎರಡೂ ಪಾದ ಎತ್ತಿ ನೀರಿಗೆ ಇಳಿಸಿದೆ. ಒಂದು ಕ್ಷಣ ಬಿಗಿಹಿಡಿದರು, ಆಮೇಲೆ ಬಿಟ್ಟರು. ನೆನೆದ ಮೇಲೆ ಟವೆಲ್ಲಿನಿಂದ ಒರೆಸಿ ನನ್ನ ಮಡಿಲಲ್ಲಿಟ್ಟುಕೊಂಡೆ. ಹಗುರಾಗಿದ್ದವು. ಕಟರ್ ಹಿಡಿದ ನಾನು, ಮೊದಲ ಸಲ ಸ್ಪಿರಿಟ್ ದೀಪ ಹಚ್ಚುವ ಎಂಟನೇ ತರಗತಿ ಮಕ್ಕಳಂತೆ, ಎಲ್ಲಿಂದ ಶುರು ಮಾಡುವುದೆಂದು ಪಾದವನ್ನು ಅತ್ತ ಇತ್ತ ತಿರುಗಿಸಿ ನೋಡಿದೆ. ಅತ್ತೆಗೆ ನಾಚಿಕೆ ಹೋಗಿ ಅಧಿಕಾರ ಬಂತು.

“ದುಂಡಗ ಕತ್ತರಸಬ್ಯಾಡ, ನೆಟ್ಟಗ ಹೋಗು. ಮೂಲಿಗೆ ಇಳೀಬ್ಯಾಡ. ಒಮ್ಮೆಲೆ ದೊಡ್ಡದು ಕಚ್ಚಬ್ಯಾಡ, ಇರಿವಿ ತಿಂದಂಗ ತಿನ್ನು. ಹಾಂ. ಅಲ್ಲಿ ನಿಂದ್ರು. ಅಲ್ಲೇ ನೋಯ್ತೈತಿ ನೋಡು… ಅಲ್ಲೇ… ಸ್ವಲ್ಪ ಎಣ್ಣಿ ಬಿಡು ಮೊದಲು.”

ಎಣ್ಣೆ ಬಿಟ್ಟು, ಕಾದು, ಚೂರು ಚೂರೇ ತೆಗೆದೆ. ಮಾಂಸದಲ್ಲಿ ಹುದುಗಿದ್ದ ಮೂಲೆ ಕೊನೆಗೆ ಎದ್ದು ಬಂದಾಗ ಅತ್ತೆ ನನ್ನ ಭುಜ ಗಟ್ಟಿಯಾಗಿ ಹಿಡಿದು, ಉದ್ದಕ್ಕೆ ಉಸಿರು ಬಿಟ್ಟರು. ಹತ್ತು ಬೆರಳು ಮುಗಿಯಲು ಮುಕ್ಕಾಲು ಗಂಟೆ ಬೇಕಾಯಿತು. ರಕ್ತ ಬರಲಿಲ್ಲ. ನನ್ನ ಸೀರೆಯೆಲ್ಲ ಎಣ್ಣೆ, ಬೆನ್ನೆಲ್ಲ ಬೆವರು.

ಅತ್ತೆ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿದರು. ನಿಂತರು. ಮತ್ತೆ ನಾಲ್ಕು ಹೆಜ್ಜೆ. ಆಮೇಲೆ ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೇರಿಸಿ, “ನಡಿ ನಡಿ, ಹೊತ್ತಾತು. ಗೌರವ್ವ ಕಟ್ಟಿ ಮ್ಯಾಲ ಕುಂತು ಬೈಯಾಕತ್ತಿರ್ತಾಳ” ಎಂದು ಹೊರಟೇಬಿಟ್ಟರು.

ಎಲ್ಲಿಗೇ ಹೋಗಲಿ, ನಾನು ಮುಂದೆ ಹೋಗಿ ತಿರುವಿನಲ್ಲಿ ನಿಂತು ಅವರಿಗಾಗಿ ಕಾಯುವುದು ನಮ್ಮ ರೂಢಿ. ವಯಸ್ಸಾಯಿತು, ನಿಧಾನ ಎಂದುಕೊಳ್ಳುತ್ತಿದ್ದೆ. ಅಂದು ಬಾಗಿಲಿಗೆ ಬೀಗ ಹಾಕಿ ತಿರುಗುವಷ್ಟರಲ್ಲಿ ಅವರು ಓಣಿಯ ತಿರುವು ದಾಟಿಯಾಗಿತ್ತು. ನಾನು ನೆರಿಗೆ ಎತ್ತಿ ಹಿಡಿದು, ಅವರನ್ನು ಮುಟ್ಟಲು ಓಡಿದೆ.